ಪಟ್ಟೆಯ್ಯನ ನಿದ್ದೆ

“ಅಯ್ಯಾರ, ನಿಮ್ಮ ಮೀನು ಸತ್ತದ ನೋಡ್ರಿ.”

ಹನ್ನೊಂದು ವರ್ಷದಿಂದ ಮಡಿವಾಳಯ್ಯ ಈ ಒಂದೇ ಮಾತು ಕೇಳುತ್ತ ಬಂದಿದ್ದಾನೆ. ಹೇಳುವವರಿಗೆ ಬೇಸರವಿಲ್ಲ, ಕೇಳುವವನಿಗೆ ಗತಿಯಿಲ್ಲ. ಶಹಾಬಾದಿನ ಆ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯಕ್ಕೆ ಯಾರೇ ಕಾಲಿಡಲಿ, ಮೊದಲು ಬಾಗಿಲಿಗೆ ಎದುರಾಗಿ ಫರಸಿ ಕಲ್ಲಿನ ಕಟ್ಟೆಯ ಮೇಲಿರುವ ಗಾಜಿನ ತೊಟ್ಟಿಯ ಹತ್ತಿರ ಹೋಗುತ್ತಾರೆ. ತಳದಲ್ಲಿ ಮಗ್ಗುಲಾಗಿ ಬಿದ್ದುಕೊಂಡ ಪಟ್ಟೆ ಪಟ್ಟೆ ಮೀನನ್ನು ನೋಡುತ್ತಾರೆ, ಜೇಬಿನ ಪೆನ್ನು ತೆಗೆದು ಗಾಜಿಗೆ ಟಕಟಕ ಬಡಿಯುತ್ತಾರೆ. ಮೀನು ಬೆಚ್ಚಿ ಎದ್ದು ಓಡಾಡತೊಡಗಿದರೆ “ಅರೆ, ಬದುಕ್ಯಾದಲೇ!” ಎಂದು ನಗುತ್ತಾರೆ. ಮಲಗಿದ್ದನ್ನು ಎಬ್ಬಿಸಿದ್ದು ಅವರ ತಪ್ಪಲ್ಲ, ಮಲಗಿದ್ದು ಮೀನಿನ ತಪ್ಪು.

“ಮಲಗ್ಯಾದ್ರಿ. ಅದು ಮಲಗೋ ರೀತಿನೇ ಹಂಗ. ಕಿವಿರು ನೋಡ್ರಿ, ಮೆಲ್ಲಕ ಆಡಾಕತ್ತದ,” ಎಂದು ಮಡಿವಾಳಯ್ಯ ಕೆನ್ನೆಯ ಹಿಂದಿನ ಸೀಳನ್ನು ಬೆರಳು ಮಾಡಿ ತೋರಿಸುತ್ತಾನೆ. ಅಷ್ಟು ಹೊತ್ತಿಗೆ ನೋಡುವವರ ಕಣ್ಣು ಕಪಾಟಿನೊಳಗಿನ ಹಾವಿನ ಸೀಸೆಯ ಮೇಲೆ ಹೋಗಿರುತ್ತದೆ. ಒಬ್ಬನೂ ಇವತ್ತಿನವರೆಗೆ ಕಿವಿರು ನೋಡಿದ್ದಿಲ್ಲ.

ಸತ್ತದ್ದು ಯಾವುದು, ಮಲಗಿದ್ದು ಯಾವುದು ಅಂತ ಮಡಿವಾಳಯ್ಯನಿಗೆ ಹೇಳಿಕೊಡುವುದೆಂದರೆ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಅವನು ಭಂಕೂರಿನ ಜಂಗಮರ ಮನೆಯವನು. ಅಪ್ಪ ತೀರಿಕೊಂಡಾಗ ಅವನಿಗೆ ಹದಿನಾಲ್ಕು. ಅವತ್ತಿನಿಂದ ಊರಿನ ಲಿಂಗವಂತರ ಮನೆಯಲ್ಲಿ ಯಾರು ಲಿಂಗೈಕ್ಯರಾದರೂ ಮೊದಲ ಕರೆ ಅವನಿಗೇ. ಮೀಯಿಸಿ, ವಿಭೂತಿ ಹಚ್ಚಿ, ಕೂರಿಸಿದ ಹೆಣದ ನೆತ್ತಿಯ ಮೇಲೆ ಪಾದ ಇಟ್ಟು ಕಳಿಸಿಕೊಡಬೇಕಾದವನು ಅವನು. ಒಮ್ಮೆ ಊರಿನ ಮುದುಕಿಯೊಬ್ಬಳು ಹೋದಳೆಂದು ಮನೆಮಂದಿಯೆಲ್ಲ ಎದೆ ಬಡಿದುಕೊಂಡು ಅಳುತ್ತಿದ್ದಾಗ, ಮೂಗಿನ ಹತ್ತಿರ ಕೈ ಹಿಡಿದು ನೋಡಿದ ಇವನು, “ಜೀವ ಅದ, ಬಾಯಿಗೆ ನೀರು ಬಿಡ್ರಿ,” ಅಂದಿದ್ದ. ಆ ಮುದುಕಿ ಮುಂದೆ ಮೂರು ವರ್ಷ ಬದುಕಿ, ಅವತ್ತು ಅತ್ತವರನ್ನೆಲ್ಲ ಹೆಸರು ಹಿಡಿದು ಬೈದು, ಆಮೇಲೆ ಸತ್ತಳು.

ಹತ್ತನೆಯ ತರಗತಿಯಲ್ಲಿ ಗಣಿತ ಕೈಕೊಟ್ಟದ್ದರಿಂದ ಮಡಿವಾಳಯ್ಯ ಕಾಲೇಜಿಗೆ ಅಟೆಂಡರ್ ಆಗಿ ಸೇರಿದ. ಇಪ್ಪತ್ತೇಳು ವರ್ಷವಾಯಿತು. ಬೀಗ ತೆಗೆಯುವುದು, ಬೆಂಚು ಒರೆಸುವುದು, ಸೀಸೆ ತೊಳೆಯುವುದು, ಚಹಾ ತರುವುದು. ಈಗಿನ ಪ್ರಾಚಾರ್ಯ ಸಂಗಮೇಶ್ವರ ಅವರ ತಂದೆ ತೀರಿಕೊಂಡಾಗ ಕುಣಿಯ ಅಂಚಿನಲ್ಲಿ ನಿಂತು ಕ್ರಿಯೆ ಮಾಡಿಸಿದವನೂ ಇವನೇ. ಅವತ್ತು ಪ್ರಾಚಾರ್ಯರು ಎಲ್ಲರೆದುರು ಇವನ ಪಾದಕ್ಕೆ ಹಣೆ ಹಚ್ಚಿದ್ದರು. ಸೋಮವಾರ ಕಾಲೇಜಿಗೆ ಬಂದವರೇ ಗಂಟೆ ಒತ್ತಿ, “ಮಡಿವಾಳಯ್ಯ, ಎರಡು ಚಹಾ, ಒಂದರಾಗ ಸಕ್ಕರಿ ಬ್ಯಾಡ,” ಅಂದರು. ಊರಿಗೆ ಅಯ್ಯ, ಕಾಲೇಜಿಗೆ ಚಹಾ. ಅದಕ್ಕೆ ಅವನು ಎಂದೂ ಸಿಟ್ಟಾದವನಲ್ಲ. ಅವನಿಗೆ ಸಿಟ್ಟು ಬರುತ್ತಿದ್ದದ್ದು ಮೀನಿನ ವಿಷಯಕ್ಕೆ ಮಾತ್ರ.

ಆ ತೊಟ್ಟಿ ಇಟ್ಟವರು ಶಹಾಬುದ್ದೀನ ಸರ್. ಅವರು ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದರು, ನಿವೃತ್ತರಾಗಿ ಹೈದರಾಬಾದಿಗೆ ಹೋದರು. ನಾಲ್ಕು ಚಿನ್ನದ ಬಣ್ಣದ ಮೀನು, ಜೊತೆಗೆ ಬೆರಳುದ್ದದ, ಕಿತ್ತಳೆ ಮೈಗೆ ಮೂರು ಕಪ್ಪು ಪಟ್ಟೆಯ ಒಂದು ಮೀನು ತಂದು ಬಿಟ್ಟಿದ್ದರು. ಹೋಗುವಾಗ ಮಡಿವಾಳಯ್ಯನ ಹೆಗಲ ಮೇಲೆ ಕೈ ಇಟ್ಟು ಹೇಳಿದ ಮಾತು ಒಂದೇ. “ನೋಡಪಾ ಅಯ್ಯಾ, ದಿನಕ್ಕ ಹತ್ತು ತಾಸು ಬೆಳಕು ಸಾಕು. ಮುಂದ ಕತ್ತಲಿ ಬೇಕು. ಮನುಷ್ಯಾನ ಕಣ್ಣಿಗಿ ರೆಪ್ಪಿ ಅದ, ಮುಚ್ಕೋತಾನ. ಈ ಬಡವಗ ರೆಪ್ಪಿ ಇಲ್ಲ. ಅದರ ರೆಪ್ಪಿ ನೀನೇ.”

ಅದರ ರೆಪ್ಪೆ ನೀನೇ! ಈ ಮಾತು ಮಡಿವಾಳಯ್ಯನ ಎದೆಗೆ ನಾಟಿತು. ಸಂಜೆ ಐದಕ್ಕೆ ತೊಟ್ಟಿಯ ದೀಪ ಆರಿಸಿ, ಕಿಟಕಿಯ ಪರದೆ ಎಳೆದು, ಮನೆಗೆ ಹೊರಡುವುದು ಅವನ ನೇಮವಾಯಿತು. ಬೆಳಿಗ್ಗೆ ಆರಕ್ಕೆ ಬೀಗ ತೆಗೆದು, ದೀಪ ಹಚ್ಚದೆ, ಸ್ಟೂಲಿನ ಮೇಲೆ ಕೂತು ಮಬ್ಬು ಬೆಳಕಿನಲ್ಲಿ ಮೀನುಗಳನ್ನು ನೋಡುವುದು ಇನ್ನೊಂದು ನೇಮ. ಚಿನ್ನದ ಮೀನುಗಳು ತಳಕ್ಕಿಂತ ನಾಲ್ಕು ಬೆರಳು ಮೇಲೆ, ತಲೆ ತುಸು ತಗ್ಗಿಸಿ, ನಿಂತಲ್ಲೇ ನಿಂತಿರುತ್ತಿದ್ದವು. ಮೈಯ ಬಣ್ಣ ಮಾಸಿರುತ್ತಿತ್ತು. ಪಟ್ಟೆಯ ಮೀನು ಮಾತ್ರ ಹೊಟ್ಟೆ ತುಂಬ ಉಂಡು ಜಾತ್ರೆಯಿಂದ ಬಂದವನ ಹಾಗೆ ಮಣ್ಣಿನ ಕುಡಿಕೆಯ ಪಕ್ಕ ಅಡ್ಡಡ್ಡ ಬಿದ್ದಿರುತ್ತಿತ್ತು. ಮೊದಲ ಸಲ ಅವನೂ ಹೆದರಿದ್ದ. ಆಮೇಲೆ ಕಿವಿರು ನೋಡಿದ. ಹಗಲು ಚಕಚಕ ಆಡುವ ಕಿವಿರು ಆಗ ಒಂದು, ಎರಡು, ಮೂರು ಎಣಿಸುವಷ್ಟು ನಿಧಾನ ಆಡುತ್ತಿತ್ತು. ಅವತ್ತೇ ಅದಕ್ಕೆ ಪಟ್ಟೆಯ್ಯ ಎಂದು ಹೆಸರಿಟ್ಟ.

ಮನೆಯಲ್ಲಿ ಹೆಂಡತಿ ಶರಣಬಸಮ್ಮನಿಗೆ ಇದೆಲ್ಲ ತಮಾಷೆ. ಮೀನಿಗೆ ಹಾಕುವ ಒಣಹುಳುವಿನ ವಾಸನೆ ಕೈಗೆ ಹತ್ತಿದೆಯೆಂದು ಬಾಗಿಲಲ್ಲೇ ನಿಲ್ಲಿಸಿ, ಬಚ್ಚಲಿಗೆ ಕಳಿಸಿ, ಆಮೇಲೆ ಪೂಜೆಗೆ ಬಿಡುತ್ತಿದ್ದಳು. ಅವನು ಅಂಗೈಯ ಮೇಲಿನ ಲಿಂಗದ ಮೇಲೆ ದೃಷ್ಟಿ ನೆಟ್ಟು, ರೆಪ್ಪೆ ಬಡಿಯದೆ ಕೂತಿದ್ದರೆ ಅಡುಗೆಮನೆಯಿಂದ ದನಿ ಬರುತ್ತಿತ್ತು. “ಕಣ್ಣು ತಕ್ಕೊಂಡು ನಿದ್ದಿ ಹೊಡಿಯೋದು ನೀವೇ ಆ ಮೀನಿಗಿ ಕಲಿಸೀರಿ ಕಾಣ್ತದ. ರೊಟ್ಟಿ ಆರಾಕತ್ತಾವ, ಬರ್ರಿ.”

ಅವಳ ಮಾತಿಗೆ ನಗಬಹುದಿತ್ತು. ಕಾಲೇಜಿನವರ ಕಾಟಕ್ಕೆ ನಗುವುದು ಹೇಗೆ? ಕಚೇರಿಯ ಗುಮಾಸ್ತ ಅಂಬರೇಶ ಎಂಬ ಮಹಾಶಯ, ಮಡಿವಾಳಯ್ಯ ಕ್ರಿಯೆಗೆಂದು ರಜೆ ಹಾಕಿದ್ದ ಒಂದು ದಿನ, “ನಾರಾಕತ್ತರ ಯಾರು ಜಿಮ್ಮೇದಾರು?” ಎಂದು ಪಟ್ಟೆಯ್ಯನನ್ನು ಜಾಳಿಗೆಯಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದ್ದ. ಬುಟ್ಟಿಯೊಳಗೆ ಪಟಪಟ ಸದ್ದಾದಾಗ ಪ್ರಯೋಗಕ್ಕೆ ಬಂದಿದ್ದ ಹುಡುಗಿಯರು ಕೂಗಿಕೊಂಡರು, ಮತ್ತೆ ನೀರಿಗೆ ಬಿಟ್ಟರು. ಮರುದಿನ ಮಡಿವಾಳಯ್ಯ ಹೋಗಿ ಜಗಳ ತೆಗೆದರೆ ಅಂಬರೇಶ ಹಲ್ಲು ಕಿರಿದು, “ಹಂಗ ಹೆಣಧಂಗ ಮಲಗಬ್ಯಾಡ ಅಂತ ಅದಕ್ಕ ಹೇಳ್ರಿ ಅಯ್ಯಾರ, ನನಗ್ಯಾಕ ಹೇಳ್ತೀರಿ?” ಅಂದ. ಮೀನು ಬದುಕಿತೇ ಎಂದು ಯಾರೂ ಕೇಳಲಿಲ್ಲ. ನೆಲ ಒದ್ದೆಯಾಗಿದ್ದಕ್ಕೆ ಮಡಿವಾಳಯ್ಯನನ್ನೇ ಕರೆದು ಬೈದರು.

ಹೀಗೆ ಹನ್ನೊಂದು ವರ್ಷ. ಬೆರಳುದ್ದದ ಪಟ್ಟೆಯ್ಯ ಗೇಣುದ್ದ ಬೆಳೆದ. ಮಡಿವಾಳಯ್ಯನಿಗೆ ಲೋಕದಿಂದ ಬೇಕಾಗಿದ್ದದ್ದು ಇಷ್ಟೇ: ಯಾರಾದರೂ ಒಬ್ಬರು, ಓದಿದವರು, ತೊಟ್ಟಿಯ ಮುಂದೆ ನಿಂತು, ‘ಹೌದು, ಇದು ಮಲಗಿದೆ, ಮಡಿವಾಳಯ್ಯ ಹೇಳಿದ್ದು ಖರೆ’ ಎನ್ನಬೇಕು.

ಈ ಬೇಸಿಗೆಯಲ್ಲಿ ಕಾಲೇಜಿಗೆ ತಪಾಸಣೆಯ ಕಮಿಟಿ ಬರುತ್ತದೆಂದು ಸುದ್ದಿಯಾಯಿತು. ಗೋಡೆಗೆ ಸುಣ್ಣ, ಬೆಂಚಿಗೆ ಬಣ್ಣ, ಪ್ರತಿ ಕೋಣೆಗೂ ಬೋರ್ಡು. ಹೊಸದಾಗಿ ಬಂದ ಪ್ರಾಣಿಶಾಸ್ತ್ರದ ವೃಂದಾ ಮೇಡಂ ದಿನಾ ಚಿತ್ತಾಪುರದಿಂದ ರೈಲಿಗೆ ಬರುವವರು, ಮೃದು ಮಾತಿನವರು. ಅವರು ಯಾವುದೋ ಹಳೆಯ ಚಾರ್ಟಿನಿಂದ ನಕಲು ಮಾಡಿ ತೊಟ್ಟಿಗೊಂದು ಬೋರ್ಡು ಬರೆಸಿ, ತೂಗುಹಾಕಲು ಮಡಿವಾಳಯ್ಯನ ಕೈಗೇ ಕೊಟ್ಟರು. ಅವನು ಓದಿಕೊಂಡ. ‘ಮೀನುಗಳಿಗೆ ಕಣ್ಣಿನ ರೆಪ್ಪೆ ಇಲ್ಲ. ಆದ್ದರಿಂದ ಅವು ನಿದ್ರಿಸುವುದಿಲ್ಲ.’ ಮೊಳೆ ಹಿಡಿದ ಕೈ ಅಲ್ಲೇ ನಿಂತಿತು.

“ಮೇಡಂ ರೀ, ಇದು ತಪ್ಪದರಿ.”

“ಏನ್ ತಪ್ಪದ ಅಯ್ಯಾವ್ರೇ? ಸ್ಪೆಲ್ಲಿಂಗೇನು?”

“ಸ್ಪೆಲ್ಲಿಂಗ್ ಅಲ್ರಿ. ರೆಪ್ಪಿ ಇಲ್ಲಂದ್ರ ನಿದ್ದಿ ಇಲ್ಲ ಅಂತ ಹ್ಯಾಂಗ ಅಂತೀರಿ? ಕದ ಇಲ್ಲದ ಮನ್ಯಾಗ ಮಂದಿ ಮಲಗಂಗಿಲ್ಲೇನ್ರಿ?”

ಮೇಡಂ ನಕ್ಕರು. ಕೆಟ್ಟ ನಗುವಲ್ಲ, ಆದರೂ ನಗು ನಗುವೇ. “ಚೊಲೋ ಹೇಳಿದ್ರಿ. ಆದ್ರ ಚಾರ್ಟಿನ್ಯಾಗ ಹಿಂಗ ಅದ. ಕಮಿಟಿ ಹೋಗಲಿ, ಆಮ್ಯಾಲ ನೋಡೋಣಂತ.”

“ಒಂದು ದಿನ ಮುಂಜಾನಿ ಆರಕ್ಕ ಬರ್ರಿ. ನಿಮ್ಮ ಕಣ್ಣಲೇ ನೋಡ್ರಿ.”

“ನಮ್ಮ ಗಾಡಿ ಬರೋದೇ ಒಂಬತ್ತಕ್ಕ ಅಯ್ಯಾವ್ರೇ,” ಎಂದು ಅವರು ವಾಚು ನೋಡಿಕೊಂಡು ಹೊರಟರು. ಮಡಿವಾಳಯ್ಯ ಹಲ್ಲು ಕಚ್ಚಿ ಮೊಳೆ ಹೊಡೆದ. ಇಪ್ಪತ್ತೇಳು ವರ್ಷದಲ್ಲಿ ಸಾವಿರ ಬೋರ್ಡು ತೂಗುಹಾಕಿದ್ದ, ಸುಳ್ಳನ್ನು ತೂಗುಹಾಕಿದ್ದು ಇದೇ ಮೊದಲು. ಕೋಣನ ಮುಂದೆ ಕಿನ್ನರಿ ಬಾರಿಸುವುದು ಇನ್ನು ಸಾಕು ಎಂದುಕೊಂಡ.

ಅಷ್ಟಕ್ಕೇ ಮುಗಿಯಲಿಲ್ಲ. ಸೋಮವಾರ ಪ್ರಾಚಾರ್ಯರು ಖುದ್ದು ಬಂದು ತೊಟ್ಟಿ ನೋಡಿ ಮುಖ ಸಿಂಡರಿಸಿದರು. ಮಣ್ಣಿನ ಕುಡಿಕೆ ಪಾಚಿ ಹಿಡಿದು ಗಲೀಜಾಗಿ ಕಾಣುತ್ತದೆಂದು ತೆಗೆಸಿ ಪ್ಲಾಸ್ಟಿಕ್ಕಿನ ಹೂಗಿಡ ಹಾಕಿಸಿದರು. ವಿದ್ಯುತ್ ಕೆಲಸದ ಜಿಲಾನಿಯನ್ನು ಕರೆಸಿ ತೊಟ್ಟಿಯ ಮೇಲೆ ಮೂರು ಹೊಸ ಬಿಳಿ ದೀಪ ಕೂಡಿಸಿದರು. ಕಮಿಟಿ ಬುಧವಾರದೊಳಗೆ ಯಾವ ಹೊತ್ತಿಗಾದರೂ ಬರಬಹುದು, ಹೇಳಿ ಬರುವವರಲ್ಲ.

“ಹಗಲು ರಾತ್ರಿ ಹಚ್ಚೇ ಇರಲಿ. ಕಮಿಟಿ ಬಾಗಲಾ ತೆಗದ್ರ ಚಮಕ್ ಅನಬೇಕು. ಯಾರರೇ ಮರತು ಆರಿಸಿದ್ರ ನನ್ನ ಇಜ್ಜತ್ ಹೋಗ್ತದ,” ಎಂದರು. ಜಿಲಾನಿ ಸ್ವಿಚ್ಚಿನ ಮೇಲೆ ಎರಡು ಬೆರಳುದ್ದ ಕಪ್ಪು ಟೇಪು ಹಚ್ಚಿ, ‘ಆರಿಸಬಾರದು’ ಎಂಬ ಚೀಟಿ ಅಂಟಿಸಿದ.

“ಸರ್, ಮೀನಿಗಿ ಕತ್ತಲಿ ಬೇಕ್ರಿ. ಮಲಗಂಗಿಲ್ರಿ ಅವು. ಕುಡಿಕಿನೂ ತಗದ್ರಿ, ನೆರಳಿಲ್ಲ,” ಎಂದ ಮಡಿವಾಳಯ್ಯ.

ಪ್ರಾಚಾರ್ಯರು ಬೋರ್ಡಿನತ್ತ ಬೆರಳು ತೋರಿಸಿದರು. “ಓದಾಕ ಬರ್ತದಿಲ್ಲ ನಿನಗ? ಮೀನು ನಿದ್ದಿ ಮಾಡಂಗಿಲ್ಲ ಅಂತ ನೀನೇ ತೂಗ ಹಾಕೀದಿ.”

ತಾನೇ ಹೊಡೆದ ಮೊಳೆ ಮಡಿವಾಳಯ್ಯನಿಗೇ ಚುಚ್ಚಿತ್ತು. ಸಂಜೆ ಹೋಗುವಾಗ ಹೆಗಲ ಮೇಲಿನ ವಸ್ತ್ರ ತೆಗೆದು ತೊಟ್ಟಿಗೆ ಹೊದಿಸಿ ಹೋದ. ಮಂಗಳವಾರ ಬೆಳಿಗ್ಗೆ ಬಂದಾಗ ವಸ್ತ್ರ ಮಡಚಿ ಸ್ಟೂಲಿನ ಮೇಲಿತ್ತು, ಪಕ್ಕದಲ್ಲಿ ‘ಇನ್ನೊಮ್ಮೆ ಹೀಗೆ ಮಾಡಿದರೆ ಮೆಮೊ’ ಎಂದು ಪ್ರಾಚಾರ್ಯರ ಅಕ್ಷರದ ಚೀಟಿ. ಮೀನುಗಳು ಬಣ್ಣ ಮಾಸದೆ, ತಲೆ ತಗ್ಗಿಸದೆ, ಆ ಗೋಡೆಯಿಂದ ಈ ಗೋಡೆಗೆ ತಿರುಗುತ್ತಿದ್ದವು. ಪಟ್ಟೆಯ್ಯ ಕುಡಿಕೆಯಿದ್ದ ಜಾಗಕ್ಕೆ ಹೋಗಿ ಹೋಗಿ ಮೂತಿ ಒತ್ತಿ ವಾಪಸು ಬರುತ್ತಿದ್ದ. ಶಹಾಬಾದಿನ ಬಿಸಿಲು, ಮೇಲಿನ ದೀಪದ ಬಿಸಿ, ನೀರು ಉಗುರುಬೆಚ್ಚಗಾಗಿತ್ತು. ಮಡಿವಾಳಯ್ಯ ಮೂರು ಸಲ ಸ್ವಿಚ್ಚಿನ ಹತ್ತಿರ ಹೋದ. ಮೂರು ಸಲವೂ ಟೇಪಿನ ಮೇಲೆ ಬೆರಳಿಟ್ಟು, ಮೆಮೊ ನೆನಪಾಗಿ ಹಿಂದಕ್ಕೆ ತೆಗೆದ. ಅವನಿಗೆ ಪ್ರಾಚಾರ್ಯರ ಮೇಲೆ ಸಿಟ್ಟು, ಮೇಡಂ ಮೇಲೆ ಸಿಟ್ಟು, ಜಿಲಾನಿಯ ಟೇಪಿನ ಮೇಲೂ ಸಿಟ್ಟು. ಆ ರಾತ್ರಿ ಮನೆಯಲ್ಲಿ ಶರಣಬಸಮ್ಮ ದೀಪ ಆರಿಸಲು ಎದ್ದಾಗ ಸುಮ್ಮನೆ ಗದರಿಕೊಂಡ.

ಬುಧವಾರ ಹನ್ನೊಂದೂವರೆಗೆ ಕಮಿಟಿ ಬಂತು. ಮೂವರು ಹಿರಿಯರು, ಹಿಂದೆ ಪ್ರಾಚಾರ್ಯರು, ಅವರ ಹಿಂದೆ ವೃಂದಾ ಮೇಡಂ, ಎಲ್ಲರ ಹಿಂದೆ ಚಹಾದ ತಟ್ಟೆ ಹಿಡಿದ ಮಡಿವಾಳಯ್ಯ. ಮುಖ್ಯಸ್ಥರು ಕನ್ನಡಕ ಸರಿಮಾಡಿಕೊಂಡು, ಎಲ್ಲರೂ ಹೋಗುವಂತೆ ಮೊದಲು ತೊಟ್ಟಿಯ ಹತ್ತಿರವೇ ಹೋದರು, ಬಗ್ಗಿದರು.

“ಏನ್ರೀ ಪ್ರಿನ್ಸಿಪಾಲರೇ, ಇಲ್ಲೊಂದು ಮೀನು ಸತ್ತು ಬಿದ್ದಿದೆಯಲ್ಲ?”

ಪ್ರಾಚಾರ್ಯರ ಮುಖ ಸುಣ್ಣವಾಯಿತು. ತಿರುಗಿ ಮಡಿವಾಳಯ್ಯನನ್ನು ನುಂಗುವಂತೆ ನೋಡಿದರು. ಅಷ್ಟರಲ್ಲಿ ವೃಂದಾ ಮೇಡಂ ಒಂದು ಹೆಜ್ಜೆ ಮುಂದೆ ಬಂದು, ಬೋರ್ಡಿಗೆ ಬೆನ್ನು ಕೊಟ್ಟು ನಿಂತು, ಒಂದಿಷ್ಟೂ ತಡವರಿಸದೆ ಹೇಳಿದರು. “ಇಲ್ಲ ಸರ್, ಅದು ಮಲಗಿದೆ. ಈ ಜಾತಿಯ ಮೀನು ಮಲಗುವ ರೀತಿಯೇ ಹಾಗೆ, ಮಗ್ಗುಲಾಗಿ. ನೋಡಿದವರೆಲ್ಲ ಸತ್ತಿದೆ ಅಂತಲೇ ತಿಳಿಯುತ್ತಾರೆ. ರೆಪ್ಪೆ ಇಲ್ಲದಿದ್ದರೇನು ಸರ್, ಬಾಗಿಲಿಲ್ಲದ ಮನೆಯಲ್ಲಿ ಜನ ಮಲಗುವುದಿಲ್ಲವೇ? ನಮ್ಮ ಮಡಿವಾಳಯ್ಯನವರು ಹನ್ನೊಂದು ವರ್ಷದಿಂದ ಇದನ್ನು ಗಮನಿಸಿದ್ದಾರೆ.”

ಮಡಿವಾಳಯ್ಯ ಚಹಾದ ತಟ್ಟೆ ಹಿಡಿದೇ ಎರಡು ಹೆಜ್ಜೆ ಮುಂದೆ ಬಂದ. ತನ್ನ ಮಾತು! ಓದಿದವರ ಬಾಯಲ್ಲಿ, ಹೆಸರು ಸಮೇತ, ಕಮಿಟಿಯ ಮುಂದೆ! ಕಣ್ಣು ತುಂಬಿ ಬಂತು. ಆ ತುಂಬಿದ ಕಣ್ಣಿನಿಂದಲೇ, ಹನ್ನೊಂದು ವರ್ಷದ ರೂಢಿಯಂತೆ, ಅವನು ಕಿವಿರು ನೋಡಿದ.

ಒಂದು, ಎರಡು, ಮೂರು ಎಣಿಸಿದ. ಹತ್ತರವರೆಗೆ ಎಣಿಸಿದ. ಇಪ್ಪತ್ತಾಯಿತು. ಕಿವಿರು ಆಡಲಿಲ್ಲ. ಬೆಳಿಗ್ಗೆ ಆರಕ್ಕೆ ಬಂದಾಗ ಪಟ್ಟೆಯ್ಯ ಮಗ್ಗುಲಾಗಿದ್ದ, ‘ಅಂತೂ ಬೆಳಕಿನಲ್ಲೇ ನಿದ್ದೆ ಹತ್ತಿತು, ಪುಣ್ಯ’ ಎಂದು ಕಿವಿರು ನೋಡದೆ, ಕಮಿಟಿಗೆಂದು ಕಸ ಗುಡಿಸುವ ಗಡಿಬಿಡಿಯಲ್ಲಿ ಹೋಗಿಬಿಟ್ಟಿದ್ದ. ಜಗತ್ತಿಗೆಲ್ಲ ಕಿವಿರು ನೋಡ್ರಿ ಎಂದು ಹೇಳಿದವನು ಆ ಒಂದು ದಿನ ತಾನೇ ನೋಡಿರಲಿಲ್ಲ. ಸಾವನ್ನು ಅವನು ಹದಿನಾಲ್ಕನೆಯ ವಯಸ್ಸಿನಿಂದ ಬಲ್ಲ. ಇದು ಅದೇ.

ಸುಮ್ಮನಿದ್ದರೆ ಆಗುತ್ತಿತ್ತು. ಜೀವನದಲ್ಲಿ ಒಮ್ಮೆ ಸಿಕ್ಕ ಮಾನ, ಸುಮ್ಮನೆ ತಲೆಯಾಡಿಸಿದ್ದರೆ ಅವನದೇ. ಆದರೆ ಹೆಣದ ಎದುರು ಸುಳ್ಳು ಹೇಳುವುದು ಅಯ್ಯನ ಮನೆತನಕ್ಕೆ ಬಂದದ್ದಲ್ಲ.

“ಇಲ್ರಿ ಸಾಹೇಬ್ರ,” ಎಂದ. “ಇವತ್ತ ಸತ್ತದರಿ ಅದು.”

ಎಲ್ಲರೂ ಅವನತ್ತ ತಿರುಗಿದರು. ಪ್ರಾಚಾರ್ಯರು ದೊಡ್ಡದಾಗಿ ನಕ್ಕರು. “ಸರ್, ನಮ್ಮ ಅಟೆಂಡರ್. ಮುಂಜಾನಿಂದ ಓಡಾಡಿ ದಣಿದಾನ. ಲೇ ಮಡಿವಾಳಯ್ಯ, ದಿನಾ ಮಲಗ್ಯಾದ ಮಲಗ್ಯಾದ ಅಂತ ನಮ್ಮ ತಲಿ ತಿಂತಿದ್ದಿ, ಇವತ್ತೇನಾತು? ಚಹಾ ಕೊಡು.”

“ಕಿವಿರು ನೋಡ್ರಿ ಸರ್, ಆಡವಲ್ದು...”

ಮುಖ್ಯಸ್ಥರು ತುಟಿಯ ಮೇಲೆ ಬೆರಳಿಟ್ಟರು. “ಶ್! ಮೆಲ್ಲಗೆ ಮಾತಾಡಪ್ಪ. ಎಚ್ಚರವಾದೀತು.”

ಅವರು ಮೇಡಂ ಕಡೆ ತಿರುಗಿ ಮೆಚ್ಚುಗೆಯಿಂದ ತಲೆಯಾಡಿಸಿದರು. ಜೊತೆಯವರು ಏನೋ ಬರೆದುಕೊಂಡರು. ಯಾರೂ ಗಾಜು ಬಡಿಯಲಿಲ್ಲ. ಕಾಲೇಜಿನ ಇತಿಹಾಸದಲ್ಲೇ ಮೊದಲ ಸಲ ಐದು ಜನ ಓದಿದವರು ಆ ತೊಟ್ಟಿಯ ಮುಂದಿನಿಂದ ತುದಿಗಾಲಲ್ಲಿ ನಡೆದು ಹೋದರು. ಮೇಡಂ ಮಾತ್ರ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದರು. ಅವರ ಕಣ್ಣು ನೇರ ಕಿವಿರಿನ ಮೇಲೆ ಹೋಯಿತು, ಅಲ್ಲೇ ತುಸು ನಿಂತಿತು. ಮುಖ ಕಂದಿತು. ಕಮಿಟಿಯ ಹಿಂದೆಯೇ ಹೋದರು.

ಮಡಿವಾಳಯ್ಯ ಚಹಾದ ತಟ್ಟೆಯನ್ನು ಬೆಂಚಿನ ಮೇಲಿಟ್ಟ. ನೆಟ್ಟಗೆ ಸ್ವಿಚ್ಚಿನ ಹತ್ತಿರ ಹೋಗಿ ಟೇಪಿನ ತುದಿಗೆ ಉಗುರು ಹಾಕಿದ. ಬಿಗಿಯಾಗಿರುತ್ತದೆಂದು ತಿಳಿದಿದ್ದ. ಒಂದೇ ಎಳೆತಕ್ಕೆ ಚೀಟಿಯ ಸಮೇತ ಕೈಗೆ ಬಂತು.

ಇಷ್ಟೇ ಇತ್ತು. ಮೂರು ದಿನ ಅವನು ಹೆದರಿದ್ದು ಎರಡು ಬೆರಳುದ್ದದ ಟೇಪಿಗೆ. ಪ್ರಾಚಾರ್ಯರ ಮೇಲೆ, ಮೇಡಂ ಮೇಲೆ, ಲೋಕದ ಮೇಲೆ ಕಟ್ಟಿಕೊಂಡಿದ್ದ ಸಿಟ್ಟೆಲ್ಲ ತಿರುಗಿ ಅವನ ಮೇಲೇ ಬಿತ್ತು. ಅದರ ರೆಪ್ಪೆ ನೀನೇ ಅಂದಿದ್ದರಲ್ಲ ಶಹಾಬುದ್ದೀನ ಸರ್! ಮೆಮೊ ಕೊಟ್ಟರೆ ಒಂದು ಕಾಗದ, ಅಷ್ಟೇ ತಾನೇ. ಮೂರು ಸಲ ಬೆರಳಿಟ್ಟು ಮೂರು ಸಲ ತೆಗೆದೆನಲ್ಲ ಎಂದು ತನ್ನ ಹಣೆಯನ್ನು ತಾನೇ ಬಡಿದುಕೊಂಡ. ಆಮೇಲೆ ದೀಪ ಆರಿಸಿ, ಪರದೆ ಎಳೆದು, ತೊಟ್ಟಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತ. ಕತ್ತಲಾದದ್ದೇ ತಡ, ನಾಲ್ಕು ಚಿನ್ನದ ಮೀನುಗಳು ಒಂದೊಂದಾಗಿ ಕೆಳಗಿಳಿದು, ತಲೆ ತಗ್ಗಿಸಿ, ನಿಂತಲ್ಲೇ ನಿಂತವು. ನಟ್ಟನಡು ಹಗಲು ಹನ್ನೆರಡಕ್ಕೆ ಅವಕ್ಕೆ ನಿದ್ದೆ ಹತ್ತಿತು.

ಬಾಗಿಲು ಕಿರ್ರೆಂದಿತು. ಅಂಬರೇಶ ತಲೆ ಹಾಕಿ, ಕತ್ತಲೆ ಕಂಡು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಕಮಿಟಿಯ ಸುದ್ದಿ ಅಷ್ಟರಲ್ಲಿ ಕಚೇರಿಗೆ ಮುಟ್ಟಿತ್ತು. ಅವನು ತೊಟ್ಟಿಯ ಹತ್ತಿರ ಬಗ್ಗಿ, ಗಾಜು ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು, ಪಿಸುಮಾತಿನಲ್ಲಿ ಕೇಳಿದ.

“ತಪ್ಪಾತ್ರಿ ಅಯ್ಯಾರ, ನೀವು ಹೇಳಿದ್ದು ಖರೇ ಅದ. ಇನ್ನಾ ಮಲಗ್ಯಾದೇನ್ರಿ?”

ಮಡಿವಾಳಯ್ಯ ಅಂಗಿಯ ತೋಳನ್ನು ಮೊಣಕೈತನಕ ಮಡಚಿ ಕೈ ನೀರಿಗೆ ಇಳಿಸಿದ. ಪಟ್ಟೆಯ್ಯನನ್ನು ಎರಡು ಅಂಗೈಯಲ್ಲಿ ಎತ್ತಿ, ನೀರು ಸೋರುವ ಹಾಗೆಯೇ ಅಂಬರೇಶನ ಮುಖದ ಮುಂದೆ ಹಿಡಿದ.

“ಕಿವಿರು ನೋಡು,” ಎಂದ. “ಒಮ್ಮೆರೇ ನೋಡು.”

ಅಂಬರೇಶ ನೋಡಿದ.